ತಾಗಲಿಲ್ಲ ಎಂದ ಮಾತು

ನನ್ನ ಸಿಟ್ಟಿಗೆ ನಮ್ಮ ಊರಲ್ಲಿ ಒಳ್ಳೆಯ ಹೆಸರಿದೆ. ಮನೆಯೊಳಗಿನ ಸಿಟ್ಟಿಗಲ್ಲ, ರಸ್ತೆಯ ಮೇಲಿನ ಸಿಟ್ಟಿಗೆ. ವಾಮದಪದವಿನ ಸುತ್ತಮುತ್ತಲ ಮನೆಗಳಿಗೆ ಹೋಗಿ ಕರೆಂಟಿನ ಮೀಟರ್ ನೋಡಿ ಬಿಲ್ಲು ಹರಿದುಕೊಡುವುದು ನನ್ನ ಕೆಲಸ. ಇಪ್ಪತ್ತಕ್ಕೂ ಹೆಚ್ಚು ವರ್ಷದಿಂದ ಈ ಕೆಲಸವನ್ನು ಸೈಕಲ್ಲಿನಲ್ಲೇ ಮಾಡುತ್ತಿದ್ದೇನೆ. ಜೊತೆಯವರೆಲ್ಲ ಒಬ್ಬೊಬ್ಬರಾಗಿ ಸ್ಕೂಟರ್ ಹತ್ತಿದರು. ನಾನು ಹತ್ತಲಿಲ್ಲ. ಗದ್ದೆಯ ಬದುವಿನ ಮೇಲೆ, ಗೇಟಿಲ್ಲದ ಕಾಲುದಾರಿಯಲ್ಲಿ ಸೈಕಲ್ ಹೋದಷ್ಟು ಸಲೀಸಾಗಿ ಬೇರೇನೂ ಹೋಗುವುದಿಲ್ಲ ಎಂದು ಕೇಳಿದವರಿಗೆ ಹೇಳುತ್ತಿದ್ದೆ. ನಿಜವಾದ ಕಾರಣ ಹಠ.

ಹಠಕ್ಕೆ ಕಾರಣವೂ ಇತ್ತು. ನಮ್ಮ ಕಡೆ ರಸ್ತೆಗೆ ಹೊಸ ಡಾಮರು ಹಾಕುವಾಗ ಹಳೆಯದರ ಮೇಲೆಯೇ ಹಾಕುತ್ತಾರೆ. ಪ್ರತಿ ಸಲವೂ ರಸ್ತೆ ಎತ್ತರವಾಗುತ್ತದೆ, ಪಕ್ಕದ ಮಣ್ಣು ಇದ್ದಲ್ಲೇ ಇರುತ್ತದೆ. ಈಗ ಅಂಚಿನಿಂದ ಮಣ್ಣಿಗೆ ಒಂದು ಗೇಣು ಆಳ. ಸೈಕಲ್ ಓಡುತ್ತಿರುವಾಗಲೇ ಚಕ್ರ ಅಲ್ಲಿಗೆ ಜಾರಿದರೆ ಸವಾರ ನೆಲಕ್ಕೆ. ಹಾಗಾಗಿ ಹಿಂದಿನಿಂದ ಹಾರ್ನ್ ಕೇಳಿದ ಕೂಡಲೇ ಸೈಕಲ್ಲಿನವರು ನಿಂತು, ಕಾಲು ಊರಿ, ಸೈಕಲ್ಲನ್ನು ಎತ್ತಿ ಮಣ್ಣಿಗೆ ಇಳಿಸಿ, ವಾಹನ ಹೋದ ಮೇಲೆ ಮತ್ತೆ ಎತ್ತಿ ರಸ್ತೆಗೆ ಹಾಕಬೇಕು. ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟಿಲ್ಲ. ಕಾರಿನವರು ಹಾರ್ನ್ ಹಾಕುತ್ತಾರೆ, ಸೈಕಲ್ಲಿನವರು ಇಳಿಯುತ್ತಾರೆ, ಅಷ್ಟೇ. ಶನಿವಾರ ಭಾನುವಾರ ಧರ್ಮಸ್ಥಳಕ್ಕೆ ಹೋಗುವ ಪರವೂರಿನ ಗಾಡಿಗಳ ಸಾಲು ಪುಂಜಾಲಕಟ್ಟೆ ರಸ್ತೆಯಲ್ಲಿ ಬಂದರೆ ಸೈಕಲ್ ತುಳಿಯುವುದಕ್ಕಿಂತ ಎತ್ತಿ ಇಳಿಸುವುದೇ ಹೆಚ್ಚು.

ನಾನು ಇಳಿಯುತ್ತಿರಲಿಲ್ಲ. ಹಾರ್ನ್ ಹಾಕಿ ಹಾಕಿ ಸುಸ್ತಾದ ಮೇಲೆ ಪಕ್ಕದಲ್ಲೇ ಸವರಿಕೊಂಡು ಹೋದ ಕಾರನ್ನು ಮುಂದಿನ ಪೇಟೆಯಲ್ಲಿ ಹಿಡಿಯುತ್ತಿದ್ದೆ. ಅವರು ಅಲ್ಲಿ ಎಳನೀರು ಕುಡಿಯುತ್ತ ನಿಂತಿರುತ್ತಿದ್ದರು. ಬಾನೆಟ್ಟಿನ ಮೇಲೆ ಅಂಗೈಯಿಂದ ಒಂದು ಬಡಿದು, ನನಗೆ ಗೊತ್ತಿರುವ ಪುಸ್ತಕದ ಕನ್ನಡದಲ್ಲೆಲ್ಲ ಬೈಯುತ್ತಿದ್ದೆ. ಅಂಗಡಿಯವರು ಹೊರಗೆ ಬಂದು ನೋಡುತ್ತಿದ್ದರು. ಒಂದೆರಡು ಸಲ ಅವರೂ ನನ್ನ ಪರವಾಗಿ ದನಿ ಸೇರಿಸಿದ್ದುಂಟು. ಹೀಗೆ ಹೆಸರು ಬಂತು. ಸೈಕಲ್ಲಿನವರ ಪರವಾಗಿ ಮಾತಾಡುವ ಒಬ್ಬ ಮನುಷ್ಯ ಇದ್ದಾನೆ ಎಂದರೆ ಅದು ನಾನು. ನನಗೂ ಅದು ಹಿತವಾಗಿತ್ತು, ಸುಳ್ಳು ಯಾಕೆ ಹೇಳಲಿ.

ನಮ್ಮಲ್ಲಿ ಇನ್ನೊಬ್ಬರು ಸೈಕಲ್ಲಿನವರಿದ್ದರು. ಅವರು ಅಡಿಗೆಯವರು. ಗೃಹಪ್ರವೇಶ, ಮದುವೆ, ಭೂತಕೋಲ, ಏನೇ ಇದ್ದರೂ ಸುತ್ತಿನ ಮನೆಗಳಿಗೆ ಅವರೇ ಬೇಕು. ತರಕಾರಿ ಹೆಚ್ಚುವವರು, ಬಡಿಸುವವರು ಟೆಂಪೋದಲ್ಲಿ ಬರುತ್ತಿದ್ದರು. ಇವರು ಮಾತ್ರ ಬೆಳಿಗ್ಗೆಯೇ ತಮ್ಮ ಹಳೆಯ ಸೈಕಲ್ಲಿನಲ್ಲಿ ಮುಂದಾಗಿ ಬಂದು ಒಲೆ ನೋಡಿಕೊಳ್ಳುತ್ತಿದ್ದರು. ಉದ್ದ ಹಿಡಿಯ ಸಟ್ಟುಗ, ಜಾಲರಿ ಎಲ್ಲ ಹೆಗಲಿಗೆ ಹಾಕುವ ಬೈರಾಸಿನಲ್ಲಿ ಸುತ್ತಿ ಹಿಂದಿನ ಕ್ಯಾರಿಯರಿಗೆ ಕಟ್ಟಿರುತ್ತಿದ್ದರು. ಬೇರೆಯವರ ಸಟ್ಟುಗ ಅವರ ಕೈಗೆ ಆಗುವುದಿಲ್ಲವಂತೆ. ವಯಸ್ಸು ಅರವತ್ತೈದು ದಾಟಿತ್ತು. ನನಗಿಂತ ಹಿರಿಯರು, ನಾನು ಅಣ್ಣ ಎಂದೇ ಕರೆಯುವುದು.

ಒಂದು ಭಾನುವಾರ ಅವರು ಪುಂಜಾಲಕಟ್ಟೆ ರಸ್ತೆಯ ಬದಿಯ ಚರಂಡಿಯಲ್ಲಿ ಸೈಕಲ್ ಹಿಡಿದುಕೊಂಡು ನಿಂತಿದ್ದರು. ಮೇಲೆ ಗಾಡಿಗಳ ಸಾಲು ಹೋಗುತ್ತಲೇ ಇತ್ತು. ಎಷ್ಟು ಹೊತ್ತಿನಿಂದ ನಿಂತಿದ್ದರೋ, ಉಟ್ಟಿದ್ದ ಮುಂಡಿನ ಅಂಚಿಗೆ ಕೆಸರು ಹತ್ತಿತ್ತು. ನನಗೆ ಮೈ ಉರಿಯಿತು. ನಾವು ಮಾತಾಡುವುದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಎಂತ ಅಣ್ಣ, ಯಾಕೆ ಇಳಿದದ್ದು?" ಎಂದೆ.

"ಅವರಿಗೆ ಅರ್ಜೆಂಟ್ ಉಂಟಲ್ಲ."

"ನಿಮಗೆ ಇಲ್ಲವಾ? ಅಲ್ಲಿ ಮುನ್ನೂರು ಜನ ಊಟಕ್ಕೆ ಕೂರ್ಲಿಕ್ಕುಂಟು. ಇವರಿಗೆ ದೇವರನ್ನು ಅರ್ಧ ಗಂಟೆ ತಡವಾಗಿ ನೋಡಿದ್ರೆ ಎಂತ ಆಗ್ತದೆ? ಇನ್ನು ಇಳಿಯಬೇಡಿ. ಹಾರ್ನ್ ಹಾಕಿದ್ರೆ ಹಾಕಲಿ. ನೇರ ಹೋಗಿ. ಅವರಿಗೆ ಬ್ರೇಕ್ ಅಂತ ಒಂದು ಉಂಟು, ಅದನ್ನು ಒತ್ತಲಿ."

ಅವರು ನಕ್ಕರು. "ನಿಮ್ಮಷ್ಟು ಧೈರ್ಯ ನನಗೆಲ್ಲಿಂದ ಮಾರಾಯ್ರೆ," ಎಂದರು. ನಾನು ಬಿಡಲಿಲ್ಲ. ಇಳಿಯುವವರು ಇರುವುದರಿಂದಲೇ ಅವರು ಹಾರ್ನ್ ಹಾಕುವುದು, ನಿಮ್ಮಂಥ ಹಿರಿಯರೇ ಚರಂಡಿಯಲ್ಲಿ ನಿಂತರೆ ನಾಳೆ ನಮ್ಮನ್ನೆಲ್ಲ ಗದ್ದೆಗೆ ಇಳಿಸುತ್ತಾರೆ ಎಂದೆಲ್ಲ ಹೇಳಿದೆ. ಆಮೇಲೂ ಅವರು ಸಿಕ್ಕಾಗಲೆಲ್ಲ ಇದೇ ಪಾಠ. ಕೊನೆಗೆ ಒಂದು ದಿನ, "ಆಯಿತು, ನೋಡುವ," ಎಂದರು.

ಆ ಹೊತ್ತಿಗೆ ನಮ್ಮ ಅಂಗಳಕ್ಕೆ ಒಂದು ಕಾರು ಬಂದು ಆರು ತಿಂಗಳಾಗಿತ್ತು. ನನ್ನದಲ್ಲ. ನನ್ನ ಹೆಂಡತಿಯ ತಮ್ಮ ಕತಾರಿನಲ್ಲಿದ್ದಾನೆ. ರಜೆಯಲ್ಲಿ ಬಂದಾಗ ಓಡಾಡಲಿಕ್ಕೆಂದು ತೆಗೆದ ಕಾರನ್ನು ಹೋಗುವಾಗ ನಮ್ಮಲ್ಲಿ ಬಿಟ್ಟುಹೋದ. "ಸುಮ್ಮನೆ ನಿಲ್ಲಿಸಿದ್ರೆ ಬ್ಯಾಟರಿ ಸಾಯ್ತದೆ ಭಾವ. ವಾರಕ್ಕೊಮ್ಮೆ ಮೂಡುಬಿದಿರೆವರೆಗಾದ್ರೂ ಓಡಿಸಿ. ಗೀರು ಮಾತ್ರ ಬೀಳದ ಹಾಗೆ ನೋಡಿ," ಎಂದಿದ್ದ. ಗಲ್ಫಿನವರ ಕಾರುಗಳು ಹೀಗೆ ಅಕ್ಕಂದಿರ ಮನೆಯ ಅಂಗಳಗಳಲ್ಲಿ ಟಾರ್ಪಾಲು ಹೊದ್ದು ನಿಂತಿರುವುದು ನಮ್ಮಲ್ಲಿ ಮಾಮೂಲು. ನಾನು ಐವತ್ತನೆಯ ವಯಸ್ಸಿನಲ್ಲಿ ಬೆಳ್ತಂಗಡಿಗೆ ಹೋಗಿ ಡ್ರೈವಿಂಗ್ ಕಲಿತೆ. ಕಾರಿನವರನ್ನು ಬೈಯುವವನು ಕಾರು ಕಲಿಯುತ್ತಿದ್ದಾನೆ ಎಂದು ಹೆಂಡತಿ ಗೇಲಿ ಮಾಡಿದಳು. ಬ್ಯಾಟರಿಗೋಸ್ಕರ ಎಂದೆ.

ವಾರಕ್ಕೊಮ್ಮೆ ಓಡಿಸುತ್ತ ಓಡಿಸುತ್ತ ನನಗೆ ಅದರ ರುಚಿ ಹತ್ತಿತು. ಹಾರ್ನಿನ ರುಚಿಯೂ ಹತ್ತಿತು ಎಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ. ಕಾರಿನೊಳಗೆ ಕೂತವನಿಗೆ ಮುಂದೆ ಹೋಗುವ ಸೈಕಲ್ ಎಷ್ಟು ನಿಧಾನವಾಗಿ ಕಾಣುತ್ತದೆ ಎಂದರೆ, ಬೇಕೆಂದೇ ಹಾಗೆ ಹೋಗುತ್ತಿದ್ದಾನೇನೋ ಎನಿಸುತ್ತದೆ. ಹಾರ್ನ್ ಒತ್ತುತ್ತೇವೆ, ಅವನು ಇಳಿಯುತ್ತಾನೆ, ನಾವು ಮುಂದೆ ಹೋಗುತ್ತೇವೆ. ಕನ್ನಡಿಯಲ್ಲಿ ಅವನು ಸೈಕಲ್ ಎತ್ತುವುದು ಕಂಡರೂ ಕಾಣುವುದಿಲ್ಲ. ಸೋಮವಾರ ನಾನೇ ಸೈಕಲ್ ಹತ್ತಿ, ಹಾರ್ನ್ ಹಾಕಿದವರನ್ನು ಬೈಯುತ್ತಿದ್ದೆ. ಎರಡೂ ನಾನೇ ಎಂಬುದು ಒಂದು ದಿನವೂ ನನ್ನ ತಲೆಗೆ ಬರಲಿಲ್ಲ.

ಹೀಗಿರುವಾಗ ಒಂದು ಭಾನುವಾರ ಹೆಂಡತಿಯನ್ನು ಕರೆತರಲು ಪುತ್ತಿಗೆಯ ಅವಳ ಅಕ್ಕನ ಮನೆಗೆ ಹೊರಟಿದ್ದೆ. ಬೆಳಿಗ್ಗೆ ಒಂಬತ್ತರ ಹೊತ್ತು. ಕಾರಿನಲ್ಲಿ ನಾನೊಬ್ಬನೇ. ಊರು ದಾಟಿದ ಮೇಲೆ ಒಂದು ಮೋರಿ ಇದೆ, ಅಲ್ಲಿ ರಸ್ತೆ ಕಿರಿದು. ಎದುರಿನಿಂದ ಹಾಲಿನ ಟೆಂಪೋ ಬರುತ್ತಿತ್ತು. ನನ್ನ ಮುಂದೆ ಒಂದು ಸೈಕಲ್. ಬೆನ್ನು ಕಂಡಿತು, ಕ್ಯಾರಿಯರಿನ ಗಂಟು ಕಂಡಿತು. ಗುರುತು ಹಿಡಿಯುವಷ್ಟು ನಾನು ನೋಡಲಿಲ್ಲ. ಹಾರ್ನ್ ಒತ್ತಿದೆ. ಇಳಿಯಲಿಲ್ಲ. ಇನ್ನೊಮ್ಮೆ ಒತ್ತಿದೆ. ಇಳಿಯುತ್ತಾನೆ ಎಂದೇ ವೇಗ ಇಳಿಸಲಿಲ್ಲ. ಟೆಂಪೋ ಹತ್ತಿರ ಬಂತು. ಎಡಕ್ಕೆ ಸರಿದೆ. ಟಕ್ ಎಂಬ ಒಂದು ಸದ್ದು. ಅಷ್ಟೇ.

ಕಾರು ನಿಲ್ಲಿಸಿದೆ. ಇಳಿದೆ. ಮುಂದಿನದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಇದನ್ನು ಬರೆಯದಿದ್ದರೆ ಉಳಿದದ್ದನ್ನು ಬರೆದು ಪ್ರಯೋಜನವಿಲ್ಲ. ನಾನು ಮೊದಲು ಹೋದದ್ದು ಬಿದ್ದವರ ಕಡೆಗಲ್ಲ. ಕಾರಿನ ಎಡಬದಿಗೆ ಹೋದೆ. ಕನ್ನಡಿ ಮಡಚಿಕೊಂಡಿತ್ತು. ಗೀರು ಬಿದ್ದಿದೆಯೇ ಎಂದು ಬಗ್ಗಿ ನೋಡಿದೆ, ಬೆರಳಿನಿಂದ ಉಜ್ಜಿದೆ, ಕನ್ನಡಿಯನ್ನು ಮೊದಲಿನ ಹಾಗೆ ಹೊರಗೆ ತಿರುಗಿಸಿ ಇಟ್ಟೆ. ಆಮೇಲೆ ಹಿಂದೆ ತಿರುಗಿದೆ. ಮಣ್ಣಿನಲ್ಲಿ ಅಡಿಗೆಯವರು ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಕೂತಿದ್ದರು. ನನ್ನನ್ನೇ ನೋಡುತ್ತಿದ್ದರು.

ಮೋರಿಯ ಆಚೆಯ ಅಂಗಡಿಯಿಂದ ನಾಲ್ಕೈದು ಜನ ಓಡಿ ಬಂದರು. ಯಾರೂ ನೋಡಿರಲಿಲ್ಲ, ಸದ್ದು ಕೇಳಿ ಬಂದವರು. ಇಂಥ ಕಡೆ ನಮ್ಮ ಜನ ಮೊದಲು ಕಾರಿನವನ ಕಾಲರಿಗೆ ಕೈಹಾಕುವುದು, ವಿಚಾರಣೆ ಆಮೇಲೆ. ಒಬ್ಬ, "ತಾಗಿಸಿದ್ರಾ?" ಎಂದು ನನ್ನ ಕಡೆ ಬಂದ. ನಾನು ಬಾಯಿ ತೆರೆಯುವ ಮೊದಲೇ ಜೊತೆಯಲ್ಲಿದ್ದ ರಿಕ್ಷಾದವನು ಅವನನ್ನು ತಡೆದ.

"ಮಂಡೆ ಸರಿ ಉಂಟಾ ನಿನಗೆ? ಇವರು ಯಾರು ಅಂತ ಗೊತ್ತಿಲ್ಲವಾ? ಸೈಕಲ್ಲಿನವರಿಗೆ ತಾಗಿಸುವ ಜನ ಅಲ್ಲ ಮಾರಾಯ ಇವರು."

ಎಲ್ಲರೂ ಅಡಿಗೆಯವರ ಕಡೆ ನೋಡಿದರು. ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ನೆಲ ನೋಡಿಕೊಂಡು, "ಬ್ಯಾಲೆನ್ಸ್ ತಪ್ಪಿತು," ಎಂದರು.

ಅವರನ್ನು ಎತ್ತಿ ಕಾರಿನಲ್ಲಿ ಕೂರಿಸಿದೆ. ಸೈಕಲ್ಲನ್ನು ಅಂಗಡಿಯವರು ಮನೆಗೆ ಮುಟ್ಟಿಸುತ್ತೇವೆ ಎಂದರು. ಬಂಟ್ವಾಳದ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಅವರು ಬೈರಾಸನ್ನು ತೊಡೆಯ ಮೇಲೆ ಹಾಸಿ ಅದರ ಮೇಲೆ ಕೈ ಇಟ್ಟುಕೊಂಡಿದ್ದರು. ಮೊಣಕೈಯ ರಕ್ತ ಸೀಟಿಗೆ ಹತ್ತಬಾರದೆಂದು. ಸುಮಾರು ದೂರ ಹೋದ ಮೇಲೆ ಅವರೇ ಮಾತೆತ್ತಿದರು.

"ಹಾರ್ನ್ ಕೇಳಿತ್ತು ನನಗೆ. ನೀವು ಹೇಳಿದ್ದು ನೆನಪಾಯಿತು. ಇವತ್ತೊಂದು ದಿನ ಇಳಿಯದೆ ನೋಡುವ ಅಂತ ಎಣಿಸಿದೆ."

ನಾನು ರಸ್ತೆ ನೋಡುತ್ತಿದ್ದೆ.

"ಹಿಂದೆ ಇದ್ದದ್ದು ನೀವು ಅಂತ ಗೊತ್ತಿದ್ದರೆ ಇಳಿಯುತ್ತಿದ್ದೆ," ಎಂದರು. ಅದರಲ್ಲಿ ಕೊಂಕು ಇರಲಿಲ್ಲ. ನನಗೆ ಕಷ್ಟ ಆಯಿತಲ್ಲ ಎಂಬ ಬೇಜಾರಿನಲ್ಲೇ ಹೇಳಿದರು. ಆಗಲಾದರೂ ನಾನು ಬಾಯಿ ಬಿಡಬಹುದಿತ್ತು. ಕಾರಿನಲ್ಲಿ ನಾವಿಬ್ಬರೇ ಇದ್ದದ್ದು.

ಮಣಿಕಟ್ಟಿನ ಹತ್ತಿರ ಮೂಳೆ ಮುರಿದಿತ್ತು. ಪ್ಲಾಸ್ಟರ್ ಹಾಕಿಸಿ ಮನೆಗೆ ಕರೆದುಕೊಂಡು ಹೋದೆ. ಅವರ ಹೆಂಡತಿ ಬಾಗಿಲಲ್ಲೇ ನಿಂತಿದ್ದರು. ಗಂಡನನ್ನು ಒಳಗೆ ಮಲಗಿಸಿ ಹೊರಗೆ ಬಂದು ನನ್ನನ್ನು ಕೇಳಿದರು. "ನನಗೆ ಬೇರೆ ಏನೂ ಬೇಡ, ಇಷ್ಟು ಹೇಳಿ. ಗಾಡಿ ತಾಗಿತಾ, ಇವರೇ ಬಿದ್ದದ್ದಾ? ಇವರು ನನ್ನ ಹತ್ತಿರ ಸರಿ ಹೇಳುವುದಿಲ್ಲ. ನೀವು ಹೇಳಿದ್ರೆ ನಾನು ನಂಬ್ತೇನೆ."

"ತಾಗಲಿಲ್ಲ," ಎಂದೆ.

ಯಾಕೆ ಹಾಗೆಂದೆ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಪೊಲೀಸ್ ಕೇಸಿನ ಹೆದರಿಕೆ ಇರಲಿಲ್ಲ, ಅವರು ಅಂಥ ಜನ ಅಲ್ಲ. ಭಾವಮೈದುನನ ಹೆದರಿಕೆ ಸ್ವಲ್ಪ ಇತ್ತು. ಆದರೆ ಮುಖ್ಯವಾದದ್ದು ಅದಲ್ಲ. ಆ ರಿಕ್ಷಾದವನ ಮಾತು ಕಿವಿಯಲ್ಲಿತ್ತು. ತಾಗಿಸುವ ಜನ ಅಲ್ಲ. ಆ ಹೆಸರನ್ನು ಬಿಡಲಿಕ್ಕೆ ನನಗೆ ಮನಸ್ಸಾಗಲಿಲ್ಲ.

ನಾನು ಅಂದದ್ದು ಒಂದೇ ಮಾತು. ಆ ಒಂದು ಮಾತು ಆ ಮನೆಯಲ್ಲಿ ಏನೇನು ಮಾಡಿತು ಎಂಬುದನ್ನು ತಿಂಗಳು ತಿಂಗಳು ಬಿಲ್ಲು ಕೊಡಲು ಹೋದಾಗ ಕಂಡೆ. ಮೊದಲ ತಿಂಗಳು ಅವರ ಹೆಂಡತಿ, "ಗಾಡಿ ತಾಗದೆ ಬಿದ್ದದ್ದು ಅಂದ್ರೆ ಕಣ್ಣು ಹೋಗಿದೆ ಅಂತ ಲೆಕ್ಕ," ಎಂದರು. ಕಣ್ಣಿನ ಡಾಕ್ಟರಿಗೆ ತೋರಿಸಿ, ಏನೂ ಇಲ್ಲ ಎಂದಾಗ, ಹಾಗಾದರೆ ತಲೆ ಸುತ್ತು ಎಂದಾಯಿತು. ಎರಡನೆಯ ತಿಂಗಳು ಹೋದಾಗ ಜಗಲಿಯ ಗೋಡೆಗೆ ಒರಗಿರುತ್ತಿದ್ದ ಸೈಕಲ್ ಇರಲಿಲ್ಲ. ಗುಜರಿಯವನಿಗೆ ಕೊಟ್ಟೆವು ಎಂದರು. ಇದ್ದರೆ ಮತ್ತೆ ಹತ್ತುತ್ತಾರೆ ಎಂಬ ಹೆದರಿಕೆ ಅವರಿಗೆ. ಮೂರನೆಯ ತಿಂಗಳ ಹೊತ್ತಿಗೆ ಪ್ಲಾಸ್ಟರ್ ಬಿಚ್ಚಿ ಕೈ ಚೆನ್ನಾಗಿಯೇ ಆಡುತ್ತಿತ್ತು. ಆದರೆ ಅಡಿಗೆಗೆ ಕರೆಯಲು ಯಾರೂ ಬರಲಿಲ್ಲ. ನೇರ ರಸ್ತೆಯಲ್ಲಿ ಸುಮ್ಮನೆ ಬೀಳುವವರನ್ನು ಕುದಿಯುವ ಸಾಂಬಾರಿನ ಕೊಪ್ಪರಿಗೆಯ ಮುಂದೆ ನಿಲ್ಲಿಸುವುದು ಹೇಗೆ ಎಂದು ಜನ ಕೇಳುತ್ತಿದ್ದರು. ಜನ ಹೇಳುವುದೂ ಸರಿಯೇ, ಅವರಿಗೆ ಗೊತ್ತಿರುವುದು ಅಷ್ಟೇ. ಅಡಿಗೆಯವರು ಎದುರು ಅಂಗಳದಲ್ಲಿ ಕೂತು ಮಡಿಲಲ್ಲಿ ಮೊರ ಇಟ್ಟುಕೊಂಡು ಹುರುಳಿಯ ಕಲ್ಲು ಹೆಕ್ಕುತ್ತಿದ್ದರು. ಮುನ್ನೂರು ಜನರಿಗೆ ಪಾಯಸ ಕುದಿಸಿದ ಕೈ ಅದು. ನನಗೆ ಪ್ರತಿ ತಿಂಗಳೂ ಮಜ್ಜಿಗೆ ಸಿಗುತ್ತಿತ್ತು. "ಆ ದಿನ ನೀವು ಇಲ್ಲದಿದ್ದರೆ ಇವರನ್ನು ಯಾರು ನೋಡುತ್ತಿದ್ದರು," ಎಂದು ಹೇಳಿಯೇ ಅವರ ಹೆಂಡತಿ ಲೋಟ ಕೊಡುತ್ತಿದ್ದರು.

ನಾಲ್ಕನೆಯ ತಿಂಗಳು ಲೋಟ ತೆಗೆದುಕೊಳ್ಳಲು ನನ್ನಿಂದ ಆಗಲಿಲ್ಲ. ಜಗಲಿಯ ಮೇಲೆ ಬಿಲ್ಲಿನ ಮೆಷಿನ್ ಇಟ್ಟು, ನಿಂತುಕೊಂಡೇ ಹೇಳಿದೆ. ತಾಗಿತ್ತು, ನನ್ನ ಕಾರಿನ ಕನ್ನಡಿ ಅವರ ಕೈಗೆ ತಾಗಿತ್ತು, ಅವರಾಗಿ ಬಿದ್ದದ್ದಲ್ಲ, ನಾನು ಸುಳ್ಳು ಹೇಳಿದೆ. ಹೇಳುವಾಗ ಇಬ್ಬರ ಮುಖವನ್ನೂ ನೋಡಲಿಲ್ಲ. ಮೀಟರಿನ ಕೆಂಪು ದೀಪ ಮಿನುಗುವುದನ್ನೇ ನೋಡುತ್ತಿದ್ದೆ.

ಅಡಿಗೆಯವರು ಮೊರ ಕೆಳಗಿಟ್ಟರು. "ಕೈಗೆ ತಾಗಿದ್ದು ನನಗೆ ಗೊತ್ತಾಗದೆ ಇರ್ತದಾ?" ಎಂದರು.

"ಮತ್ತೆ ಅವತ್ತು ಯಾಕೆ ಹಾಗೆ ಹೇಳಿದ್ದು ಅಣ್ಣ?"

"ನೀವೇ ಹೇಳ್ತೀರಿ ಅಂತ ಕಾದೆ. ನೀವು ಕಾರು ನೋಡ್ತಾ ಇದ್ರಿ. ಅಷ್ಟರಲ್ಲಿ ಜನ ಬಂದ್ರು. ಅವರ ಮುಂದೆ ನಿಮ್ಮ ಮರ್ಯಾದೆ ತೆಗೆಯುವುದು ಯಾಕೆ ಅಂತ ಆಯಿತು. ಆಮೇಲಾದ್ರೂ ಹೇಳ್ತೀರಿ ಅಂತ ಇದ್ದೆ." ಮೊರವನ್ನು ಮತ್ತೆ ಮಡಿಲಿಗೆ ಎತ್ತಿಕೊಂಡು, "ನಾಲ್ಕು ತಿಂಗಳು ತೆಗೆದುಕೊಳ್ತೀರಿ ಅಂತ ಎಣಿಸಿರಲಿಲ್ಲ," ಎಂದರು.

ಅವರ ಹೆಂಡತಿ ಲೋಟ ಹಿಡಿದುಕೊಂಡೇ ನಿಂತಿದ್ದರು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಒಳ್ಳೆಯದಿತ್ತು. ಅವರು ಗಂಡನನ್ನು ನೋಡಿದರು, ಆಮೇಲೆ ನನ್ನನ್ನು. "ಇವರಿಗೆ ತಲೆ ಸುತ್ತುತ್ತದೆ ಅಂತ ನಾನು ಎಷ್ಟು ಮನೆಯಲ್ಲಿ ಹೇಳಿದ್ದೇನೆ ಗೊತ್ತುಂಟಾ? ನಿಮ್ಮ ಮಾತು ನಂಬಿ ಹೇಳಿದ್ದು. ಈಗ ನಾನು ಹೋಗಿ ಇಲ್ಲ ಅಂದ್ರೆ, ಗಂಡನಿಗೆ ಕೆಲಸ ಸಿಗ್ಲಿಕ್ಕೆ ಹೇಳ್ತಾಳೆ ಅಂತಾರೆ. ನೀವು ಹೇಗೂ ಮನೆ ಮನೆಗೆ ಹೋಗ್ತೀರಲ್ಲ. ನೀವೇ ಹೇಳಿ ಬನ್ನಿ."

ಹೇಳುತ್ತೇನೆ ಎಂದು ಮಾತು ಕೊಟ್ಟೆ. ಬೇರೊಂದು ಸೈಕಲ್ ತಂದುಕೊಡುತ್ತೇನೆ ಎಂದಾಗ ಅವರ ಹೆಂಡತಿ ಲೋಟ ಹಿಡಿದುಕೊಂಡು ಒಳಗೆ ಹೋದರು.

ಮೊದಲ ಮನೆಯ ಗೇಟಿನಲ್ಲಿ ಐದು ನಿಮಿಷ ನಿಂತೆ. ಒಳಗೆ ಹೋಗಿ, ಮೀಟರ್ ನೋಡಿ, ಬಿಲ್ಲು ಹರಿದುಕೊಟ್ಟು, ಹೇಳಿದೆ. ಮನೆಯ ಯಜಮಾನರು ಬಿಲ್ಲು ನೋಡುತ್ತಲೇ, "ಹೌದಾ? ಆದ್ರೂ ಆ ಪ್ರಾಯದಲ್ಲಿ ಸೈಕಲ್ ಯಾಕೆ ಬೇಕಿತ್ತು," ಎಂದರು. ಎರಡನೆಯ ಮನೆಯಲ್ಲಿ, ನೀವು ಹಾಗೆಲ್ಲ ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ನನ್ನನ್ನೇ ಸಮಾಧಾನ ಮಾಡಿದರು. ಮೂರನೆಯದರಲ್ಲಿ ಟಿವಿ ಜೋರಾಗಿತ್ತು, ಎರಡು ಸಲ ಹೇಳಬೇಕಾಯಿತು. ನಾಚಿಕೆಯ ಮಾತನ್ನು ಗಟ್ಟಿಯಾಗಿ ಎರಡು ಸಲ ಹೇಳುವುದು ಎಂಥ ಕಷ್ಟ ಎಂದು ಆವತ್ತು ತಿಳಿಯಿತು.

ನಾಲ್ಕನೆಯ ಮನೆ ದೊಡ್ಡದು. ಮುಂದಿನ ತಿಂಗಳು ಮಗಳ ಮದುವೆ, ಮನೆಗೆ ಬಣ್ಣ ಬಳಿಯುತ್ತಿದ್ದರು. ಅಡಿಗೆಗೆ ಇನ್ನೂ ಯಾರನ್ನೂ ಗೊತ್ತು ಮಾಡಿಲ್ಲ ಎಂದು ದಾರಿಯಲ್ಲಿ ಕೇಳಿದ್ದೆ. ಹಿರಿಯ ಅಮ್ಮ ಒಬ್ಬರು ಕುರ್ಚಿಯಲ್ಲಿ ಕೂತಿದ್ದರು, ಆ ಮನೆಯಲ್ಲಿ ಅವರ ಮಾತೇ ಕೊನೆ. ಅವರ ಎದುರು ನಿಂತು ಒಂದನ್ನೂ ಬಿಡದೆ ಹೇಳಿದೆ. ಹಾರ್ನ್ ಹಾಕಿದ್ದು, ವೇಗ ಇಳಿಸದೆ ಇದ್ದದ್ದು, ಬಿದ್ದವರನ್ನು ಬಿಟ್ಟು ಕನ್ನಡಿ ಉಜ್ಜಿದ್ದು, ಅವರ ಹೆಂಡತಿಗೆ ಸುಳ್ಳು ಹೇಳಿದ್ದು, ಎಲ್ಲವನ್ನೂ. ಅಡಿಗೆಯವರಿಗೆ ಕಣ್ಣಿನ ತೊಂದರೆಯೂ ಇಲ್ಲ, ತಲೆ ಸುತ್ತೂ ಇಲ್ಲ, ಮದುವೆಗೆ ಅವರನ್ನೇ ಕರೆಯಿರಿ ಎಂದೆ.

ಆ ಅಮ್ಮ ಗಮನವಿಟ್ಟು ಕೇಳಿದರು. ಅವರ ಕಣ್ಣು ತುಂಬಿ ಬಂತು. ಒಳಗಿನವರನ್ನು ಕರೆದು ನನಗೆ ಬೆಲ್ಲ, ನೀರು ತರಲು ಹೇಳಿದರು.

"ನಿಮ್ಮಂಥವರು ಈಗ ಇಲ್ಲ," ಎಂದರು. "ಆ ಪಾಪದವರಿಗೆ ಮತ್ತೆ ಕೆಲಸ ಸಿಗಲಿ ಅಂತ ತಪ್ಪನ್ನು ನಿಮ್ಮ ತಲೆ ಮೇಲೆ ಹಾಕಿಕೊಳ್ತಾ ಇದ್ದೀರಿ. ನನಗೆ ಗೊತ್ತಾಗ್ತದೆ."

"ಇಲ್ಲ ಅಮ್ಮ, ನಿಜವಾಗಿ ನಾನೇ."

"ಆಯಿತು, ಆಯಿತು," ಎಂದು ಅವರು ಕೈಯಾಡಿಸಿದರು. ಮದುವೆಗೆ ಮೂಡುಬಿದಿರೆಯ ಕಡೆಯ ಅಡಿಗೆಯವರಿಗೆ ಹೇಳಲು ಅಂದು ಬೆಳಿಗ್ಗೆಯೇ ಜನ ಕಳಿಸಿದ್ದಾಗಿತ್ತಂತೆ.